ಮೂರು ಗಂಟೆಯ ಸಿರುಗುಪ್ಪ ಲೈನು

ನನಗೆ ಆಕೆಯ ಮೇಲೆ ಇದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಮರ್ಯಾದಸ್ತ ಹೆಸರು ಹುಡುಕಲು ಹೋಗುವುದಿಲ್ಲ. ಸ್ಪರ್ಧೆ, ಛಲ, ಮುಂದೆ ಬರಬೇಕೆಂಬ ಆಸೆ ಎಂದೆಲ್ಲ ಹೇಳಿ ನೋಡಿದ್ದೇನೆ, ಯಾವುದೂ ಹೊಂದುವುದಿಲ್ಲ. ಆಕೆ ಒಳ್ಳೆಯ ಸೀರೆ ಉಟ್ಟು ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆಕೆಗೆ ನೆಗಡಿಯಾಗಿ ದನಿ ಕೂತ ದಿನ ಒಂದು ರೊಟ್ಟಿ ಹೆಚ್ಚಿಗೇ ತಿಂದಿದ್ದೇನೆ. ಇಷ್ಟನ್ನು ಒಪ್ಪಿಕೊಂಡರೆ ಉಳಿದದ್ದು ಹೇಳುವುದು ಸುಲಭ.

ನಾವಿಬ್ಬರೂ ಒಂದೇ ದಿನ ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರುಗಳಾಗಿ ಸೇರಿದೆವು. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಕುರುಗೋಡಿನವಳು, ಪ್ರೈಮರಿ ಶಾಲೆಯ ಮೇಷ್ಟರ ಮಗಳು. ನಮ್ಮ ಓಣಿಯಲ್ಲಿ ಸಂಬಳದ ಕೆಲಸಕ್ಕೆ ಹೋದ ಮೊದಲ ಹುಡುಗಿ ಎಂದು ನನಗೆ ಸಣ್ಣ ಗರ್ವವಿತ್ತು. ಆಕೆ ಸಿರುಗುಪ್ಪದ ಕಡೆಯ ಹಚ್ಚೊಳ್ಳಿಯವಳು. ತಂದೆ ಇರಲಿಲ್ಲ, ಅಣ್ಣ ಗದ್ದೆ ನೋಡಿಕೊಳ್ಳುತ್ತಿದ್ದ. ಬಳ್ಳಾರಿಯಲ್ಲಿ ದೂರದ ಚಿಕ್ಕಮ್ಮನ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ನನಗಿಂತ ಎತ್ತರ, ನನಗಿಂತ ಚೆನ್ನಾಗಿ ತೆಲುಗು, ನನಗಿಂತ ಜೋರು ನಗು. ಮೊದಲ ದಿನ ಸಹಿ ಹಾಕುವಾಗಲೇ ಇದನ್ನೆಲ್ಲ ನಾನು ಲೆಕ್ಕ ಹಾಕಿ ಮುಗಿಸಿದ್ದೆ.

ಆಗ ಊರಿಂದ ಊರಿಗೆ ಫೋನಿನಲ್ಲಿ ಮಾತಾಡಬೇಕೆಂದರೆ ನಮಗೆ ಹೇಳಿ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ನಾವು ಉದ್ದನೆಯ ಬೋರ್ಡಿನ ಮುಂದೆ ಸಾಲಾಗಿ ಕೂತು, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿ, ವೈರಿನ ತುದಿಯ ಪ್ಲಗ್ಗನ್ನು ತೂತಿಗೆ ಚುಚ್ಚಿ ಇಬ್ಬರನ್ನು ಜೋಡಿಸುತ್ತಿದ್ದೆವು. ಪ್ರತಿ ಜೋಡಿಗೂ ಎದುರಿಗೆ ಒಂದು ಚಿಕ್ಕ ಕೀ. ಅದನ್ನು ತಳ್ಳಿದರೆ ಅವರ ಮಾತು ನಮಗೆ ಕೇಳುತ್ತಿತ್ತು. ಅವರು ಮಾತು ಶುರುಮಾಡಿದ ಕೂಡಲೇ ಕೀಯನ್ನು ಹಿಂದಕ್ಕೆ ತರಬೇಕು, ಅಲ್ಲಿಂದ ಮುಂದೆ ಅವರ ಮಾತು ಅವರದು. ಕೀ ತೆರೆದಿಟ್ಟುಕೊಂಡು ಕೂರುವುದು ನಮ್ಮ ಕೆಲಸದಲ್ಲಿ ಕಳ್ಳತನಕ್ಕೆ ಸಮ. ಅದಕ್ಕಾಗಿ ಕೆಲಸ ಕಳೆದುಕೊಂಡವರ ಕಥೆಯನ್ನು ಹೇಳಿಯೇ ನಮ್ಮನ್ನು ಬೋರ್ಡಿನ ಮುಂದೆ ಕೂರಿಸಿದ್ದರು.

ಹೇಳಿದವರು ನಮ್ಮ ಸೂಪರ್‌ವೈಸರ್. ಮದ್ರಾಸ್ ಸರ್ಕಾರ ಇದ್ದ ಕಾಲದಲ್ಲೇ ಕೆಲಸಕ್ಕೆ ಸೇರಿದ್ದ ಹೆಂಗಸು. ನಾವು ಮೇಡಮ್ಮ ಎನ್ನುತ್ತಿದ್ದೆವು. ಗಂಜಿ ಹಾಕಿದ ಬಿಳಿ ಸೀರೆ, ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದ ಗಡಿಯಾರ. ದೊಡ್ಡ ಆಫೀಸರು ಬಂದು ನಿಂತರೂ ಕೈಲಿದ್ದ ಕೆಲಸ ಮುಗಿಸಿಯೇ ತಲೆ ಎತ್ತುತ್ತಿದ್ದರು. ಹೆಣ್ಣೊಬ್ಬಳು ಗಂಡಸರಿಗೆ ಕೆಲಸ ಹೇಳುವುದನ್ನು ನಾನು ಜೀವನದಲ್ಲಿ ಮೊದಲ ಬಾರಿ ನೋಡಿದ್ದು ಅಲ್ಲಿಯೇ.

ಅವರದೊಂದು ಪದ್ಧತಿ ಇತ್ತು. ಹೊಸ ಹುಡುಗಿಗೆ ಒಂದು ತಿಂಗಳು ತುಂಬಿದ ದಿನ, ಡ್ಯೂಟಿ ಮುಗಿದ ಮೇಲೆ, ಆಕೆಯನ್ನು ಒಬ್ಬಳನ್ನೇ ತಮ್ಮ ಕೋಣೆಗೆ ಕರೆದು ಒಂದು ಬುದ್ಧಿಮಾತು ಹೇಳುವುದು. ಒಬ್ಬೊಬ್ಬರಿಗೆ ಒಂದೊಂದು. ನಿನಗೇನು ಹೇಳಿದರು ಎಂದು ಮತ್ತೊಬ್ಬರನ್ನು ಕೇಳುವಂತಿರಲಿಲ್ಲ. ಹಳೆಯ ಆಪರೇಟರುಗಳು ತಮಗೆ ಸಿಕ್ಕ ಮಾತನ್ನು ಗಂಡನಿಗೂ ಹೇಳಿರಲಿಲ್ಲವಂತೆ. ನಾನು ಆ ದಿನಕ್ಕಾಗಿ ತಲೆಸ್ನಾನ ಮಾಡಿ, ಮಲ್ಲಿಗೆ ಮುಡಿದು ಹೋಗಿದ್ದೆ.

ಮೇಡಮ್ಮ ಕನ್ನಡಕದ ಮೇಲಿಂದ ನೋಡಿದರು. "ಟೈಮಿಗೆ ಬರತಿ. ಹಂಗ ಬರತಾ ಇರು ಅಮ್ಮಾಯಿ. ಹೋಗು, ಕುರುಗೋಡು ಬಸ್ಸು ಹೋಗಿಬಿಡತೈತಿ."

ಅಷ್ಟೇ. ನಾನು ಹೊರಗೆ ಬಂದೆ, ಆಕೆ ಒಳಗೆ ಹೋದಳು. ಬಸ್ಸು ತಪ್ಪಿದರೆ ತಪ್ಪಲಿ ಎಂದು ವರಾಂಡದಲ್ಲಿ ನಿಂತೆ. ಅರ್ಧ ಗಂಟೆ! ನಡುವೆ ಒಮ್ಮೆ ಮೇಡಮ್ಮ ನಕ್ಕದ್ದು ಕೇಳಿಸಿತು. ಮೇಡಮ್ಮನಿಗೆ ನಗು ಬರುತ್ತದೆ ಎಂಬುದೇ ನಮಗ್ಯಾರಿಗೂ ಗೊತ್ತಿರಲಿಲ್ಲ. ಆಕೆ ಹೊರಬಂದಾಗ ಕಣ್ಣು ಕೆಂಪಗಿದ್ದವು, ಮುಖ ತಿಳಿಯಾಗಿತ್ತು. ಪದ್ಧತಿಯನ್ನು ಮುರಿದು ಕೇಳಿಯೇಬಿಟ್ಟೆ. "ನಮ್ಮೂರು, ನಮ್ಮವ್ವನ ಬಗ್ಗಿ ಕೇಳಿದ್ರಲೇ," ಎಂದಳು. ನಾನು ನಂಬಲಿಲ್ಲ. ಊರು, ಅವ್ವನ ಬಗ್ಗೆ ಕೇಳಲು ಅರ್ಧ ಗಂಟೆ ಯಾಕೆ ಬೇಕು? ಮುಂದೆ ಬರುವ ದಾರಿಯನ್ನೇ ಆಕೆಗೆ ಬಿಡಿಸಿ ಹೇಳಿದ್ದಾರೆ, ನನಗೆ ಮಾತ್ರ ಬಸ್ಸಿನ ಟೈಮು ಹೇಳಿ ಕಳಿಸಿದ್ದಾರೆ ಎಂದು ಅವತ್ತೇ ತೀರ್ಮಾನಿಸಿದೆ.

ಆಮೇಲೆ ಎಲ್ಲದಕ್ಕೂ ಆ ಅರ್ಧ ಗಂಟೆಯೇ ಕಾರಣವಾಗಿ ಕಾಣತೊಡಗಿತು. ಆಕೆಗೆ ಮದ್ರಾಸು, ಬೊಂಬಾಯಿ ಲೈನು ಕೊಟ್ಟರು. ನನಗೆ ಸಿರುಗುಪ್ಪ, ಕುರುಗೋಡು, ಅತ್ತ ಆದೋನಿ. ಆಕೆ ಹತ್ತಿಯ ದೊಡ್ಡ ವ್ಯಾಪಾರಸ್ಥರ ಜೊತೆ "ಒಂದು ನಿಮಿಷ ಸರ್" ಎಂದು ಮೆತ್ತಗೆ ಮಾತಾಡುತ್ತಿದ್ದರೆ, ನಾನು ರೈಸ್ ಮಿಲ್ಲಿನ ಗುಮಾಸ್ತರಿಗೆ "ಕೇಳ್ತೈತೇನ್ರಿ? ಜೋರಾಗಿ ಮಾತಾಡ್ರಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು. ನನ್ನ ಶೇಂಗಾ ಚಟ್ನಿ ಆಕೆಗೆ ಇಷ್ಟ. ಆಕೆಗೆ ಬಡಿಸುವಾಗ ನಾನು ಒಂದು ಚಮಚ ಕಡಿಮೆಯೇ ಹಾಕುತ್ತಿದ್ದೆ.

ಎರಡನೆಯ ವರ್ಷ ನನ್ನ ಮದುವೆಯಾಯಿತು. ಗಂಡನ ಮನೆಯವರದು ಬ್ರೂಸ್‌ಪೇಟೆಯಲ್ಲಿ ಪಾತ್ರೆ ಅಂಗಡಿ. ಗಂಡ ಒಳ್ಳೆಯವನು, ಆದರೆ ಅಪ್ಪ-ಅವ್ವನ ಎದುರು ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ನೋಡಲು ಬಂದ ದಿನವೇ ಅತ್ತೆ ಹೇಳಿದ್ದರು. "ಬಳ್ಳಾರ್ಯಾಗ ಇರೋತನಕ ಮಾಡಲಿ. ಊರು ಬಿಟ್ಟು ಹೋಗೋದು, ಬಸ್ಸಿನ್ಯಾಗ ಗಂಡಸರ ನಡುವ ತಿರುಗೋದು ನಮ್ಮ ಮನ್ಯಾಗ ನಡ್ಯಾಂಗಿಲ್ಲ." ಅಂದರೆ ನನ್ನ ಕೆಲಸದ ಆಯುಷ್ಯ ಬಳ್ಳಾರಿಯ ಗಡಿಯವರೆಗೆ ಮಾತ್ರ.

ಅದೇ ಹೊತ್ತಿಗೆ ಸಿರುಗುಪ್ಪದ ಚಿಕ್ಕ ಎಕ್ಸ್‌ಚೇಂಜನ್ನು ನೋಡಿಕೊಳ್ಳಲು ಆಕೆಯನ್ನು ತಾತ್ಕಾಲಿಕವಾಗಿ ಕಳಿಸಿದರು. ಒಂದು ಬೋರ್ಡು, ಕೈಕೆಳಗೆ ಒಬ್ಬಳು ಆಪರೇಟರು, ಒಬ್ಬ ಲೈನ್‌ಮನ್. ಇನ್‌ಚಾರ್ಜ್! ಆಕೆ ಹೋದ ದಿನ ನನಗೆ ಎರಡೂ ಆಯಿತು. ಕಣ್ಣೆದುರಿನಿಂದ ತೊಲಗಿದಳಲ್ಲ ಎಂಬ ಹಗುರ, ಇಪ್ಪತ್ತೈದಕ್ಕೇ ಒಂದು ಆಫೀಸಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳಲ್ಲ ಎಂಬ ಉರಿ.

ದಿನಾ ಮಧ್ಯಾಹ್ನ ಮೂರು ಗಂಟೆಗೆ ಮೇಡಮ್ಮ ತಮ್ಮ ಕೋಣೆಯಿಂದ ನನಗೆ ಹೇಳುತ್ತಿದ್ದರು: "ಸಿರುಗುಪ್ಪ ಕೊಡು." ಆ ಹೊತ್ತಿಗೆ ಲೈನು ಖಾಲಿ. ಆಫೀಸಿನ ಕೆಲಸದ ಮಾತು. ನಾನೇ ಪ್ಲಗ್ ಚುಚ್ಚಬೇಕು, ನಾನೇ ರಿಂಗ್ ಕೊಡಬೇಕು, ಆಕೆಯ "ಹಲೋ" ಕೇಳಿದ ಕೂಡಲೇ ಕೀ ಹಿಂದಕ್ಕೆ ತರಬೇಕು. ಮೊದಲ ವಾರ ಹಾಗೇ ಮಾಡಿದೆ. ಎರಡನೆಯ ವಾರವೂ ಮಾಡಿದೆ. ಹತ್ತು ನಿಮಿಷ, ಹದಿನೈದು ನಿಮಿಷ ಬೋರ್ಡಿನ ಮೇಲೆ ಆ ಎರಡು ಪ್ಲಗ್ಗುಗಳು ನನ್ನ ಮೂಗಿನ ಕೆಳಗೇ ಕೂತಿರುತ್ತಿದ್ದವು. ಇನ್ನೂ ಏನೇನು ಹೇಳಿಕೊಡುತ್ತಿದ್ದಾರೆ ಆಕೆಗೆ? ಮೂರನೆಯ ವಾರ ಒಂದು ದಿನ ನಾನು ಕೀ ಹಿಂದಕ್ಕೆ ತರಲಿಲ್ಲ.

ಇಲ್ಲಿ ಒಂದು ಸಂಗತಿ ಹೇಳಬೇಕು. ಇಬ್ಬರ ಮಾತಿನ ನಡುವೆ ಆಪರೇಟರು ಕೀ ತೆರೆದರೆ ದನಿ ಒಂದಿಷ್ಟು ಇಳಿಯುತ್ತದೆ. ಫೋನಿನಲ್ಲಿ ಮಾತಾಡುವ ಜನರಿಗೆ ಅದು ತಿಳಿಯುವುದಿಲ್ಲ, ಬೋರ್ಡಿನ ಮುಂದೆ ಕೂತು ಪಳಗಿದವರಿಗೆ ತಿಳಿಯುತ್ತದೆ. ನನಗೂ ಗೊತ್ತಿತ್ತು. ಆದರೆ ಸಿರುಗುಪ್ಪದ ಲೈನು ಮೊದಲೇ ಗೊರಗೊರ ಎನ್ನುವ ಲೈನು, ಗಾಳಿ ಬಂದರೆ ಒಂದು ದನಿ, ಬಿಸಿಲು ಬಂದರೆ ಒಂದು ದನಿ. ಅದರಲ್ಲಿ ಇದೇನು ಗೊತ್ತಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಮೌತ್‌ಪೀಸಿನ ಮೇಲೆ ಅಂಗೈ ಮುಚ್ಚಿ, ಮುಂದಿನ ಕಾಲಿನ ಚೀಟಿ ಬರೆಯುವವಳ ಹಾಗೆ ತಲೆ ತಗ್ಗಿಸಿ ಕೂತೆ.

ಆಕೆ ದೂರು ಹೇಳುತ್ತಿದ್ದಳು. "ಇಂಜಿನಿಯರ್ ಸಾಹೇಬ್ರು ಬಂದಾಗೆಲ್ಲ ನಾನ ಚಾ ಸೋಸಿ ಕೊಡಬೇಕಂತರಿ ಮೇಡಮ್ಮ. ಲೈನ್‌ಮನ್ ಲೋಟಾ ತಂದು ನನ್ನ ಮುಂದ ಇಡತಾನ."

"ಒಂದ ದಿನ ಕೊಟ್ಟಿಯಂದ್ರ ರಿಟೈರ್ ಆಗೋತನಕ ಅದು ನಿಂದ ಕೆಲಸ ಆಗತೈತಿ," ಎಂದರು ಮೇಡಮ್ಮ. "ಬ್ಯಾಡ ಅಂತ ಬಾಯಿಲೆ ಹೇಳಬ್ಯಾಡ. ಚಾ ಬಂತಂದ್ರ ಬೋರ್ಡಿನ ಮುಂದ ಹೋಗಿ ಕುಂದ್ರು. ಕೈಯಾಗ ಪ್ಲಗ್ ಹಿಡಕೊಂಡಾಕೀಗೆ ಲೋಟಾ ಹಿಡಿ ಅಂತ ಯಾರೂ ಅನ್ನಂಗಿಲ್ಲ. ನಾಕ ಸರ್ತಿ ಹಂಗ ಆತಂದ್ರ ಅವರ ಸೋಸ್ಕೊಂತಾರ."

ನನಗೆ ಮೈಯೆಲ್ಲ ಉರಿಯಿತು. ಬಳ್ಳಾರಿಯಲ್ಲಿ ಆಫೀಸರು ಬಂದಾಗೆಲ್ಲ ಚಹಾ ಸೋಸಿ ಕೊಡುತ್ತಿದ್ದವಳು ಯಾರು? ನಾನು. ಎರಡು ವರ್ಷದಿಂದ ಮೇಡಮ್ಮನ ಕಣ್ಣೆದುರಿಗೇ ಸೋಸುತ್ತಿದ್ದೆ. ನನಗೆ ಇದನ್ನು ಹೇಳಬೇಕೆಂದು ಅವರಿಗೆ ಒಂದು ದಿನವೂ ಅನ್ನಿಸಲಿಲ್ಲ! ಮರುದಿನ ಚಹಾದ ಕೆಟಲ್ ಬಂದಾಗ ಎರಡು ಕೈಯಲ್ಲೂ ಪ್ಲಗ್ ಹಿಡಿದು ಕೂತುಬಿಟ್ಟೆ. ಆಫೀಸರು ಸ್ವಲ್ಪ ಹೊತ್ತು ಆಚೀಚೆ ನೋಡಿ, ತಾವೇ ಬಗ್ಗಿಸಿಕೊಂಡು, ಅರ್ಧ ಚಹಾ ಬಸಿಯಲ್ಲಿ ಚೆಲ್ಲಿಕೊಂಡು ಕುಡಿದರು. ಎರಡನೆಯ ವಾರಕ್ಕೆ ಯಾರೂ ನನ್ನ ಕಡೆ ನೋಡುವುದನ್ನೇ ಬಿಟ್ಟರು.

ಅಲ್ಲಿಂದ ನನಗೆ ಚಟ ಹತ್ತಿತು. ಮೂರು ಗಂಟೆಯಾಗುವುದನ್ನೇ ಕಾಯುತ್ತಿದ್ದೆ. ಬೈಯುವವನ ಹತ್ತಿರ ದನಿ ಇಳಿಸಿ ಮಾತಾಡು, ನಿನ್ನ ಮಾತು ಕೇಳಬೇಕೆಂದರೆ ಅವನು ಬಾಯಿ ಮುಚ್ಚಲೇಬೇಕಾಗುತ್ತದೆ ಎಂದು ಒಂದು ದಿನ ಹೇಳಿದರು. ಬ್ರೂಸ್‌ಪೇಟೆಯ ಹತ್ತಿ ವ್ಯಾಪಾರಿಯೊಬ್ಬ ದಿನಾ ತೆಲುಗಿನಲ್ಲಿ ನನ್ನ ಏಳು ತಲೆಮಾರನ್ನು ಜಾಲಾಡುತ್ತಿದ್ದ. ಅವನ ಮೇಲೆ ಪ್ರಯೋಗ ಮಾಡಿದೆ. "ಏಮಮ್ಮಾ, ವಿನಪಡಲೇದು," ಕೇಳಿಸಲಿಲ್ಲವಲ್ಲ ಎಂದು ತಾನೇ ಮೆತ್ತಗಾದ. ಬಾಯಿಮಾತಿನಲ್ಲಿ ರಜೆ ಕೇಳಬೇಡ, ಬರೆದು ಕೊಟ್ಟು ಒಂದು ನಕಲು ಇಟ್ಟುಕೋ ಎಂದರು ಇನ್ನೊಂದು ದಿನ. ನಾನು ಒಂದು ಹಳೆಯ ನೋಟುಬುಕ್ಕು ತೆಗೆದು ನಕಲು ಅಂಟಿಸತೊಡಗಿದೆ. ಮೀಟಿಂಗಿನಲ್ಲಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಬೇಡ, ಅಲ್ಲಿ ಕೂತವಳನ್ನೇ ನೀರು ತರಲು ಕಳಿಸುತ್ತಾರೆ ಎಂದರು. ಎಷ್ಟು ಸಣ್ಣ ಮಾತು! ಆದರೂ ಅದು ಗೊತ್ತಿಲ್ಲದೆ ನಾನು ಎಷ್ಟು ಸಲ ನೀರು ತಂದಿದ್ದೆ.

ಒಂದೇ ಒಂದು ಮಾತಿಗೆ ನಾನು ಕೀ ಮುಚ್ಚಿದ್ದುಂಟು. "ತಪ್ಪಾದ್ರ ನೀನ ಬಂದು ಮೊದಲು ನನಗ ಹೇಳು ಅಮ್ಮಾಯಿ," ಎಂದಿದ್ದರು ಅವತ್ತು. "ಎಂಥಾ ತಪ್ಪಿದ್ರೂ ದಾರಿ ಹುಡುಕೋಣ. ನಾನ ಕಂಡುಹಿಡಿಯಂಗ ಮಾಡಬ್ಯಾಡ." ಅವತ್ತು ಸಂಜೆ ಅವರ ಕೋಣೆಯ ಬಾಗಿಲತನಕ ಹೋದೆ. ಹೋಗಿ ವಾಪಸು ಬಂದೆ. ಮರುದಿನ ಮೂರು ಗಂಟೆಗೆ ಮತ್ತೆ ಕೀ ತೆರೆದೇ ಇತ್ತು.

ಕೆಲಸದಲ್ಲಿ ನಾನು ಸುಧಾರಿಸಿದ್ದು ಎಲ್ಲರ ಕಣ್ಣಿಗೂ ಬಿತ್ತು. ಮೇಡಮ್ಮ ಕೂಡ ಒಂದು ದಿನ ಹಿಂದೆ ನಿಂತು, "ಇತ್ತೀಚೆಗೆ ಚಲೋ ಮಾಡಾಕತ್ತಿ," ಎಂದರು. ಆ ಹೊಗಳಿಕೆಯೂ ನೆಟ್ಟಗೆ ಹೊಟ್ಟೆಗಿಳಿಯಲಿಲ್ಲ. ಅದು ಆಕೆಗೆ ಹೇಳಿದ ಬುದ್ಧಿ, ಆಕೆಗೆ ಬಡಿಸಿದ್ದರಲ್ಲಿ ಕದ್ದು ತಿಂದದ್ದು. ನನಗೇ ಅಂತ ಒಂದು ಮಾತು ಎಂದಾದರೂ ಹೇಳಿದ್ದಾರೆಯೇ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಕುದಿದೆ.

ಹೀಗೆ ಆರೇಳು ತಿಂಗಳು ಕಳೆದವು. ಬಳ್ಳಾರಿಯಲ್ಲಿ ಮಾನಿಟರ್ ಕುರ್ಚಿ ಖಾಲಿಯಾಯಿತು. ಮಾನಿಟರ್ ಎಂದರೆ ಆಪರೇಟರುಗಳ ಸಾಲಿನ ಹಿಂದೆ ಕೂತು, ಯಾರ ಲೈನಿಗೆ ಬೇಕಾದರೂ ಕಿವಿ ಹಚ್ಚಿ, ಕೆಲಸ ಸರಿಯಾಗಿ ನಡೆದಿದೆಯೇ ಎಂದು ನೋಡುವವಳು. ಸಿರುಗುಪ್ಪಕ್ಕೂ ಕಾಯಂ ಇನ್‌ಚಾರ್ಜ್ ಬೇಕಾಗಿತ್ತು. ಎರಡು ಜಾಗ, ನಾವಿಬ್ಬರು. ಒಬ್ಬಳಿಗೆ ಬಳ್ಳಾರಿ, ಇನ್ನೊಬ್ಬಳಿಗೆ ಸಿರುಗುಪ್ಪ. ಹೆಸರು ಬರೆದು ಕಳಿಸುವವರು ಮೇಡಮ್ಮ. ಬಳ್ಳಾರಿ ಆಕೆಗೆ ಹೋದರೆ ಆಕೆಗೆ ಒಂದು ಕುರ್ಚಿ ಸಿಕ್ಕಂತೆ, ಅಷ್ಟೇ. ನನಗೆ ಬಳ್ಳಾರಿ ಸಿಗದಿದ್ದರೆ ಕೆಲಸವೇ ಹೋದಂತೆ. ಇದು ಮೇಡಮ್ಮನಿಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ನನ್ನ ಅತ್ತೆಯ ಷರತ್ತನ್ನು ಡಬ್ಬಿ ಬಿಚ್ಚಿದಾಗೆಲ್ಲ ನಾನೇ ಹೇಳಿ ಅತ್ತಿದ್ದೆನಲ್ಲ.

ಆ ವಾರ ನಾನು ಒಂದು ದಿನವೂ ತಪ್ಪದೆ ಕೇಳಿದೆ. ಕುರ್ಚಿಯ ಮಾತೇ ಬರಲಿಲ್ಲ. ಶುಕ್ರವಾರ ಆಕೆ ಇದ್ದಕ್ಕಿದ್ದಂತೆ ಕೇಳಿದಳು. "ಮೇಡಮ್ಮ, ಅತ್ತಿಮನಿಯವರು ಕೆಲಸ ಬಿಡು ಅಂದ್ರ ಏನಂತ ಹೇಳಬೇಕ್ರಿ?"

ನನ್ನ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. ಹಾಗಾದರೆ ಆಕೆಗೆ ಮದುವೆ ಗೊತ್ತಾಗಿದೆ! ನನಗೊಂದು ಮಾತು ಹೇಳಿಲ್ಲ. ಸಿರುಗುಪ್ಪದಲ್ಲಿ ಕೂತು ನೀರಾವರಿ ಗದ್ದೆಯವರನ್ನೇ ಹಿಡಿದಿರಬೇಕು, ದೇಶನೂರಿನ ಕಡೆಯವರೋ ಏನೋ. ಅಂಗಳದ ತುಂಬ ಭತ್ತದ ಮೂಟೆ, ಕೊರಳಿಗೆ ಎರಡೆಳೆ ಸರ. ನನ್ನ ಗಂಡನ ಮನೆಯ ಹಿತ್ತಾಳೆ ಪಾತ್ರೆಗಳ ಸದ್ದೆಲ್ಲ ಒಮ್ಮೆಗೇ ನೆನಪಾಗಿ ಕಣ್ಣಲ್ಲಿ ನೀರು ಬಂತು. ಗಂಡನೂ ಬಂದ, ಇನ್ನು ಬಳ್ಳಾರಿಯೂ ಆಕೆಗೇ.

ಮೇಡಮ್ಮ ಅವತ್ತು ಯಾವತ್ತಿಗಿಂತ ನಿಧಾನವಾಗಿ, ಒಂದೊಂದನ್ನೂ ಎರಡೆರಡು ಸಲ ಹೇಳಿದರು. "ಬಿಡಂಗಿಲ್ಲ ಅಂತ ಹೇಳಬ್ಯಾಡ, ಬಿಡತೀನಿ ಅಂತನೂ ಹೇಳಬ್ಯಾಡ. ಒಂದ ತಿಂಗಳು ಹೋಗಿ ನೋಡತೀನಿ, ಆಮ್ಯಾಲ ನೀವು ಹೇಳಿದಂಗ ಅನ್ನು. ನಾಕ ಮಂದಿ ಮುಂದ ಕೇಳಬ್ಯಾಡ, ಅಲ್ಲಿ ಯಾರೂ ಹೂಂ ಅನ್ನಂಗಿಲ್ಲ. ಮಾವಗ ಕೇಳಬ್ಯಾಡ, ಅತ್ತೀಗೆ ಕೇಳು. ಆಕಿ ಒಬ್ಬಾಕಿ ಕುಂತು ಅಕ್ಕಿನೋ ಬ್ಯಾಳಿನೋ ಹಸನ ಮಾಡಾಕತ್ತಿದ್ರ ಬಾಜೂಕ ಕುಂತು, ನೀನೂ ಹಸನ ಮಾಡಕೋಂತ ಕೇಳು. ರಾಜೀನಾಮಿ ಯಾರು ಬರದು ಕೊಟ್ರೂ ಸೈನ್ ಮಾಡಬ್ಯಾಡ, ನಾಳಿ ಅನ್ನು, ನಾಡಿದ್ದು ಅನ್ನು. ಮೊದಲನೇ ದಿನ ಅತ್ತೀನ್ನ ಜೋಡಿ ಕರಕೊಂಡು ಹೋಗು. ಗಂಡಸರ ನಡುವ ಕುಂದರತಾಳ ಅಂತ ಆಕಿ ತಲ್ಯಾಗ ಕುಂತಿರತೈತಿ. ಅಲ್ಲಿ ಹೆಣ್ಮಕ್ಕಳು ಅದಾರ ಅಂತ ಆಕಿ ಕಣ್ಣಿಲೆ ನೋಡಲಿ."

ಮುಂದಿನ ವಾರ ಆರ್ಡರು ಬಂತು. ಆಕೆಗೆ ಮಾನಿಟರ್ ಕುರ್ಚಿ, ನನಗೆ ಸಿರುಗುಪ್ಪ.

ಮನೆಯಲ್ಲಿ ಹೇಳಿದ ದಿನವೇ ಮಾವ ಅಂಗಡಿಯಿಂದ ಬಿಳಿ ಹಾಳೆ ತರಿಸಿ ಚೆಂದದ ಅಕ್ಷರದಲ್ಲಿ ರಾಜೀನಾಮೆ ಬರೆದು ಇಟ್ಟರು. ಸಹಿಯೊಂದು ಬಾಕಿ. ಗಂಡ ಗೋಡೆ ನೋಡಿದ. ನಾನು ನಾಳೆ ಎಂದೆ. ಮರುದಿನ, ನಾಡಿದ್ದು ಎಂದೆ. ಮೂರನೆಯ ದಿನ ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಒಬ್ಬರೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಕ್ಕಕ್ಕೆ ಕೂತು ಕಲ್ಲು ಹೆಕ್ಕುತ್ತ ಕೇಳಿದೆ. ಮೇಡಮ್ಮ ಹೇಳಿದ್ದರಲ್ಲಿ ಒಂದು ಪದವನ್ನೂ ಬದಲಿಸಲಿಲ್ಲ.

ಅತ್ತೆ ಮೊರವನ್ನು ಇನ್ನೊಮ್ಮೆ ಕೇರಿದರು. "ನನಗ ತೋರಸತೀ ಏನು ಆ ಆಫೀಸು?" ಎಂದರು ಕಡೆಗೆ. "ಬರ್ರಿ ಅತ್ತಿ, ಮೊದಲನೇ ದಿನ ಇಬ್ಬರೂ ಹೋಗೋಣ," ಎಂದೆ. ಮಾವನ ಹಾಳೆ ದೇವರ ಪಟದ ಹಿಂದೆ ಹೋಯಿತು. ನಾನು ಸಂತೋಷಪಡಬೇಕಿತ್ತು. ಆದರೆ ನಾನು ಯೋಚಿಸುತ್ತಿದ್ದದ್ದು ಬೇರೆ. ಆಕೆ ತನ್ನ ಅತ್ತೆಯ ಹತ್ತಿರ ಇದನ್ನೇ ಹೇಳುತ್ತಾಳೆ, ನನಗಿಂತ ಚೆನ್ನಾಗಿ ಹೇಳುತ್ತಾಳೆ, ಆಕೆಯ ಅತ್ತೆ ಇನ್ನೂ ಬೇಗ ಒಪ್ಪುತ್ತಾರೆ.

ಸಿರುಗುಪ್ಪದ ಬಸ್ಸಿನಲ್ಲಿ ಅತ್ತೆ ಕಿಟಕಿಯ ಹತ್ತಿರ ಕೂತು, ಕಾಲುವೆ ನೀರು ಕಂಡಾಗೆಲ್ಲ ನನ್ನ ತೊಡೆ ತಟ್ಟಿ ತೋರಿಸಿದರು. ಎಕ್ಸ್‌ಚೇಂಜಿನ ಬಾಗಿಲಲ್ಲೇ ಆಕೆ ನಿಂತಿದ್ದಳು. ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಒಳಗೆ ಕರೆದು, ತನ್ನ ಕುರ್ಚಿಯಲ್ಲೇ ಕೂರಿಸಿ, ಬೋರ್ಡಿನ ಮುಂದಿದ್ದ ಇನ್ನೊಬ್ಬ ಹುಡುಗಿಯನ್ನು ತೋರಿಸಿದಳು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದಳು. ಅತ್ತೆಯ ಕಣ್ಣು ಆಕೆಯ ಮೇಲೆ ಬಿತ್ತು. ಎಲ್ಲರದೂ ಬೀಳುತ್ತಿತ್ತು.

"ಮದಿವಿ ಆಗೇತೇನವ್ವಾ?" ಎಂದರು ಅತ್ತೆ.

"ಇಲ್ಲರೀ ಅಮ್ಮ."

"ಎಲ್ಲೆರ ಗೊತ್ತಾಗೇತೇನು?"

"ಇಲ್ಲರಿ. ನನ್ನ ಕೇಳಾಕ ಯಾರೂ ಬಂದಿಲ್ಲರಿ," ಎಂದು ನಕ್ಕಳು.

ನಾನು ಆಕೆಯನ್ನು ನೋಡಿದೆ. ಆಕೆಯೂ ನನ್ನನ್ನು ನೋಡಿದಳು, ನಗು ನಿಂತಿತು. ಅತ್ತೆ ಕೈ ತೊಳೆಯಲು ಹಿತ್ತಲಿಗೆ ಹೋದರು. "ಹಂಗಾರ ಅವತ್ತು ಅತ್ತಿಮನಿ ಅಂತ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡೆ. ಕದ್ದು ಕೇಳಿದ್ದನ್ನು ನಾನೇ ಒಪ್ಪಿಕೊಂಡಂತಾಗಿತ್ತು.

"ನಿನಗೋಸ್ಕರನ ಕೇಳಿದ್ದಲೇ," ಎಂದಳು ಆಕೆ, ಚಾರ್ಜ್ ಒಪ್ಪಿಸುವ ರಿಜಿಸ್ಟರ್ ಬಿಚ್ಚುತ್ತ. "ನೀ ಕೀ ತೆರೆದ ಮೊದಲನೇ ದಿನಾನ ದನಿ ಇಳೀತು. ನಮಗ ತಿಳಿಯಂಗಿಲ್ಲೇನು? ಆ ರವಿವಾರ ಬಳ್ಳಾರಿಗೆ ಬಂದಾಗ ಮೇಡಮ್ಮಗ ಕೇಳಿದೆ, ಏನ್ ಮಾಡೋಣ್ರಿ ಅಂತ. 'ಕೇಳಲಿ ಬಿಡು, ಎದುರಿಗೆ ಹೇಳಿದ್ರ ನನಗೇನು ಬರಂಗಿಲ್ಲೇನು ಅಂತ ಸಿಟ್ಟಾಗತಾಳ. ಕದ್ದದ್ದಾದ್ರ ಜ್ವಾಪಾನ ಮಾಡತಾಳ' ಅಂದ್ರು. ಚಾದ ಮಾತು ಬಿಟ್ರ ಉಳಿದದ್ದೆಲ್ಲ ನಿನ್ನ ಸಲುವಾಗಿನ ಕೇಳೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಸಮಾಧಾನದ ದನಿ ತಡೆಯಲಾಗಲಿಲ್ಲ. "ಅಷ್ಟು ಕಾಳಜಿ ಇದ್ರ ಬಳ್ಳಾರಿ ಯಾಕ ತಗೊಂಡಿ ಮತ್ತ?" ಎಂದೆ.

"ನಿನ್ನ ಹೆಸರ ಹೇಳಿದ್ದೆ. ಮೇಡಮ್ಮ ಒಪ್ಪಲಿಲ್ಲ. ಕದ್ದು ಕೇಳೋ ಚಟ ಇದ್ದಾಕೀನ್ನ ಎಲ್ಲಾರ ಲೈನು ಕೇಳೋ ಕುರ್ಚಿ ಮ್ಯಾಲ ಹೆಂಗ ಕುಂದ್ರಸಲಿ ಅಂದ್ರು. ಆಕೀನ ಬಂದು ಹೇಳತಾಳೇನಂತ ಆರು ತಿಂಗಳು ಕಾದೀನಿ ಅಂದ್ರು." ಆಕೆ ಪುಟ ತಿರುವಿದಳು. "ಕೆಲಸರ ಉಳೀಲಿ ಅಂತ ಆಮ್ಯಾಲ ಅತ್ತಿಮನಿ ಮಾತು ಕೇಳಿದೆ."

ಹಿತ್ತಲಲ್ಲಿ ಅತ್ತೆ ಲೈನ್‌ಮನ್ನನ ಹೆಂಡತಿಯ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ನನಗೆ ಹೊಳೆದದ್ದು ಇದೊಂದೇ: "ನೀನು ನಿನಗಂತ ಏನೂ ಕೇಳಲಿಲ್ಲೇನು?"

"ಕೇಳಬೇಕಂತ ದಿನಾ ಕುಂದರತಿದ್ದೆ. ಒಂದ ಮಾತಿತ್ತು." ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದಳು. "ನೀ ದಿನಾ ಲೈನಿನ್ಯಾಗ ಇರತಿದ್ದಿ. ರವಿವಾರ ಎದುರಿಗೆ ಹೋದಾಗ ಅದನ್ನ ಮುಖ ನೋಡಿ ಹೇಳಾಕ ಬಾಯಿ ಬರತಿದ್ದಿಲ್ಲ. ಫೋನಿನ್ಯಾಗಾದ್ರ ಹೇಳತಿದ್ದೆ. ಇಲ್ಲಿ ಸೈನ್ ಮಾಡು, ಓದಿ ಮಾಡು."

ಏನು ಮಾತು ಎಂದು ಕೇಳಿದೆ. "ಈಗ ಯಾಕ ಬಿಡು," ಎಂದಳು. ಅತ್ತೆ ಒಳಗೆ ಬಂದರು. ಬೀಗದ ಕೈ ನನ್ನ ಕೈಗಿಟ್ಟು, ಅತ್ತೆಗೆ ಮತ್ತೊಮ್ಮೆ ನಮಸ್ಕರಿಸಿ, ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಹೋದಳು.

ನಾನು ದಿನಾ ಬಸ್ಸಿನಲ್ಲಿ ಓಡಾಡುತ್ತ ಸಿರುಗುಪ್ಪದ ಕೆಲಸದಲ್ಲಿ ಉಳಿದೆ. ಒಂದು ತಿಂಗಳಾಗಿ, ಎರಡಾಗಿ, ಅತ್ತೆಯೇ ಬೆಳಿಗ್ಗೆ ನನ್ನ ಡಬ್ಬಿ ಕಟ್ಟುವ ಮಟ್ಟಕ್ಕೆ ಬಂದರು. ಮರುವರ್ಷ ಆಕೆ ಇದ್ದಕ್ಕಿದ್ದಂತೆ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಚಿಕ್ಕಮ್ಮನ ಮನೆಯ ಕೋಣೆ ಖಾಲಿ ಮಾಡಿದಳು, ಹಚ್ಚೊಳ್ಳಿಗೂ ಹೋಗಲಿಲ್ಲ. ಮದುವೆಯೂ ಅಲ್ಲ, ಕಾಯಿಲೆಯೂ ಅಲ್ಲ ಎಂದಷ್ಟೇ ತಿಳಿಯಿತು. ಆಕೆಯ ಅಣ್ಣ ಎಕ್ಸ್‌ಚೇಂಜಿಗೆ ಬಂದು ತಂಗಿ ಎಲ್ಲಿಗೆ ಹೋದಳೆಂದು ನಮ್ಮನ್ನೇ ವಿಚಾರಿಸಿ ಹೋದ.

ಮಾನಿಟರ್ ಕುರ್ಚಿ ನನಗೆ ಬಂತು. ಅಷ್ಟರಲ್ಲಿ ಮೇಡಮ್ಮನ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡು ಅತ್ತು ಬಂದಿದ್ದೆ. ಅವರು ಬೈಯಲಿಲ್ಲ. ಆರ್ಡರು ಕೈಗೆ ಕೊಟ್ಟ ದಿನ ನಾನೇ ಕೇಳಿದೆ: "ಆಕಿ ನಿಮಗ ಏನರ ಕೇಳಿದ್ದಳೇನ್ರಿ?"

ಮೇಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಇಲ್ಲ. ನಾನೂ ಕೇಳಲಿಲ್ಲ. ದಿನಾ ನಿನ್ನ ಸುದ್ದಿ ತರತಿದ್ದಳು. ಆಕೀಗೇನು, ಆರಾಮ ಅದಾಳ ಅನ್ಕೊಂಡಿದ್ದೆ."

ನನಗಿಂತ ಎತ್ತರ, ನನಗಿಂತ ತೆಲುಗು, ನನಗಿಂತ ನಗು ಎಂದು ಲೆಕ್ಕ ಹಾಕಿಟ್ಟುಕೊಂಡವಳು ನಾನು. ತಾನು ಕೇಳಬೇಕಾದ್ದನ್ನು ನುಂಗಿಕೊಂಡು ಆರೇಳು ತಿಂಗಳು ನನಗಾಗಿ ಕೇಳಿದಳು ಎಂಬುದೊಂದು ಆ ಲೆಕ್ಕದಲ್ಲಿ ಇರಲಿಲ್ಲ. ಆಕೆಯ ಜಾಗದಲ್ಲಿದ್ದರೆ ನಾನು ಒಂದು ದಿನವೂ ಹಾಗೆ ಮಾಡುತ್ತಿರಲಿಲ್ಲ, ಇವತ್ತಿಗೂ ಮಾಡಲಾರೆ. ಅದಕ್ಕೇ ಈ ಹೊಟ್ಟೆಕಿಚ್ಚು ಹೋಗಿಲ್ಲ, ಇನ್ನೂ ಹೆಚ್ಚಾಗಿದೆ. ಆಕೆ ಎಲ್ಲಿದ್ದಾಳೋ ಗೊತ್ತಿಲ್ಲ. ಆ ಒಂದು ಮಾತು ಏನಿತ್ತೆಂದೂ ಗೊತ್ತಿಲ್ಲ. ಅಷ್ಟೆಲ್ಲ ಕೇಳಿಸಿಕೊಂಡ ನಾನು ಅದೊಂದನ್ನು ಆಕೆಗೆ ಆಡಗೊಡಲಿಲ್ಲ.